ಹವಳ ಹೋಯ್ತು

ನಮ್ಮ ಭಾಷೆಯಲ್ಲಿ ಏನು ಬೇಕಾದರೂ ಹೋಗುತ್ತದೆ. ಕರೆಂಟು ಹೋಗುತ್ತದೆ, ಬಸ್ಸು ಹೋಗುತ್ತದೆ, ಕೆಲಸ ಹೋಗುತ್ತದೆ, ತಲೆಗೂದಲು ಹೋಗುತ್ತದೆ, ಮಾನ ಹೋಗುತ್ತದೆ, ಕೊನೆಗೆ ಜೀವವೂ ಹೋಗುತ್ತದೆ. ಹೋದದ್ದು ತಾನಾಗಿ ಹೋಯಿತೋ, ಯಾರಾದರೂ ಒಯ್ದರೋ, ತಿರುಗಿ ಬರುತ್ತದೋ ಇಲ್ಲವೋ ಎಂಬ ವಿವರಗಳನ್ನೆಲ್ಲ ಈ ಕ್ರಿಯಾಪದ ತನ್ನ ಹೊಟ್ಟೆಯಲ್ಲೇ ಇಟ್ಟುಕೊಳ್ಳುತ್ತದೆ. ಇಂಥ ಪದವನ್ನು ನೋಡಿಕೊಂಡು ಬಳಸಬೇಕು, ಅದರಲ್ಲೂ ಕಿಟಕಿ ತೆರೆದಿರುವಾಗ, ಎಂದು ನಾನು ಮದುವೆಯಾದ ಲಾಗಾಯ್ತು ನಮ್ಮವರಿಗೆ ಹೇಳುತ್ತಲೇ ಬಂದಿದ್ದೇನೆ. ಅವರು ಕೇಳಿದ್ದರೆ ಆ ಭಾನುವಾರ ನಮ್ಮ ಮನೆಗೆ ಪೊಲೀಸರು ಬರುತ್ತಿರಲಿಲ್ಲ, ತೀರಿಹೋದ ಮಾವನವರ ಮೇಲೆ ಅತ್ತೆಯವರಿಗೆ ಹೊಸದಾಗಿ ಸಿಟ್ಟೂ ಬರುತ್ತಿರಲಿಲ್ಲ.

ನಮ್ಮವರು ತೂಕ ಮತ್ತು ಅಳತೆ ಇಲಾಖೆಯಲ್ಲಿದ್ದಾರೆ. ಅಂಗಡಿಗಳ ತಕ್ಕಡಿ ಸರಿಯಿದೆಯೋ ಇಲ್ಲವೋ ನೋಡಿ ಮುದ್ರೆ ಒತ್ತುವುದು ಅವರ ಕೆಲಸ. ಪ್ರಪಂಚದಲ್ಲಿ ಅಳೆಯಲಾಗದ್ದು ಯಾವುದೂ ಇಲ್ಲ ಎಂಬುದು ಅವರ ನಂಬಿಕೆ. ಒಮ್ಮೆ ಹಲ್ಲು ಕೀಳಿಸಿಕೊಳ್ಳಲು ಹೋದರು. ಆ ದಂತವೈದ್ಯರ ಹೊರಕೋಣೆಯಲ್ಲಿ ದೊಡ್ಡ ಗಾಜಿನ ತೊಟ್ಟಿ, ಅದರಲ್ಲಿ ಸಮುದ್ರದ ನೀರು, ನೀರಿನಲ್ಲಿ ಹಸಿರು, ಕಿತ್ತಳೆ, ನೇರಳೆ ಬಣ್ಣಗಳಲ್ಲಿ ತೂಗಾಡುವ ಜೀವಂತ ಹವಳ. ಅರ್ಧ ಬಾಯಿ ಮರಗಟ್ಟಿದ್ದ ನಮ್ಮವರು ಅದರ ಮುಂದೆ ನಿಂತು, "ನಾನೂ ಇಂಥದ್ದೊಂದು ಇಡ್ಬೇಕು ಡಾಕ್ಟ್ರೇ" ಎಂದರಂತೆ. ವೈದ್ಯರು ನಕ್ಕು, "ಇದು ಎಲ್ಲರ ಕೈಲಾಗೋ ಕೆಲಸ ಅಲ್ಲ ಸಾರ್" ಎಂದರಂತೆ.

ಅಷ್ಟೇ. ಹಲ್ಲು ಕೀಳಿಸಿಕೊಳ್ಳಲು ಹೋದವರು ಸಮುದ್ರ ಹೊತ್ತು ತಂದರು.

ಸಮುದ್ರವೆಂದರೆ ನಡುಮನೆಯಲ್ಲಿ ಸೋಫಾ ಇದ್ದ ಜಾಗದಲ್ಲಿ ಒಂದು ಗಾಜಿನ ತೊಟ್ಟಿ, ಮೇಲೆ ನೀಲಿ ದೀಪ, ಹಿಂದೆ ಗೊರಗೊರ ಎನ್ನುವ ಪಂಪು, ಬಚ್ಚಲಲ್ಲಿ ಮೂಟೆಗಟ್ಟಲೆ ಉಪ್ಪು. ಮೂಟೆಗಳು ಮೆಟ್ಟಿಲು ಹತ್ತಿ ಬಂದ ದಿನವೇ ಕಟ್ಟಡದವರು ನಮ್ಮವರಿಗೆ 'ಸಮುದ್ರರಾಯರು' ಎಂದು ಹೆಸರಿಟ್ಟರು. ನಮ್ಮವರು ಅದನ್ನು ಬಿರುದೆಂದೇ ತಿಳಿದರು. ಬಂದವರನ್ನೆಲ್ಲ ತೊಟ್ಟಿಯ ಮುಂದೆ ನಿಲ್ಲಿಸಿ, "ಹವಳ ಅಂದ್ರೆ ಕಲ್ಲಲ್ಲ, ಗಿಡ ಅಲ್ಲ, ಪ್ರಾಣಿ. ಅದಕ್ಕೆ ಬಾಯಿ ಇದೆ. ಬಾಯಿ ಬಿಟ್ಕೊಂಡಿದ್ರೆ ಆರೋಗ್ಯವಾಗಿದೆ ಅಂತ ಅರ್ಥ" ಎಂದು ಪಾಠ ಹೇಳುತ್ತಿದ್ದರು.

"ನಮ್ಮ ಮನೇಲಿ ಬಾಯಿ ಬಿಡೋರಿಗೆ ಬರ ಇತ್ತೇನೋ?" ಎಂದು ಅತ್ತೆ ಕೇಳಿದರು. ಗಾಜಿನ ಪೆಟ್ಟಿಗೆಯಲ್ಲಿ ನೀರಿನ ಬದಲು ಕಂಬಳಿಗಳನ್ನು ಇಟ್ಟಿದ್ದರೆ ಮನೆಗೆ ಉಪಕಾರವಾಗುತ್ತಿತ್ತು ಎಂಬುದು ಅವರ ಅಭಿಪ್ರಾಯ.

ಮೊದಮೊದಲು ಹವಳಗಳು ಬಾಯಿ ಬಿಟ್ಟುಕೊಂಡೇ ಇದ್ದವು. ಆಮೇಲೆ ಒಂದೊಂದಾಗಿ ಮುಚ್ಚಿದವು. ಮೊದಲು ಬಿಳಿಚಿಕೊಳ್ಳುವುದು, ಆಮೇಲೆ ಮೈಯ ಮಾಂಸ ಕಳಚುವುದು, ಕೊನೆಗೆ ಬಿಳಿ ಮೂಳೆಯಂಥ ಕಲ್ಲಷ್ಟೇ ಉಳಿಯುವುದು. ನಮ್ಮವರು ಉಪ್ಪು ಅಳೆದರು, ಸುಣ್ಣ ಅಳೆದರು, ಬಿಸಿ ಅಳೆದರು, ಬೆಳಕು ಅಳೆದರು. ಎಲ್ಲವೂ ಸರಿಯಾಗಿತ್ತು. ಅಳತೆಯೆಲ್ಲ ಸರಿಯಿದ್ದೂ ವಸ್ತು ಸಾಯುವುದೆಂದರೆ ಆ ಇಲಾಖೆಯ ಮನುಷ್ಯನಿಗೆ ಎಂಥ ಅವಮಾನ ಎಂಬುದನ್ನು ಓದುಗರು ಊಹಿಸಿಕೊಳ್ಳಬೇಕು.

ಅವರ ಫೋನಿನಲ್ಲಿ 'ಹವಳ ಬಂಧುಗಳು' ಎಂಬ ಗುಂಪಿದೆ. ಸತ್ತ ಹವಳದ ಫೋಟೋ ಹಾಕಿದರೆ ಒಬ್ಬ ಬಂಧು ಬೆಳಕು ಹೆಚ್ಚಾಯಿತು ಎನ್ನುವನು, ಇನ್ನೊಬ್ಬ ಕಡಿಮೆಯಾಯಿತು ಎನ್ನುವನು. ನೀರು ಕೊಳೆಯಾಗಿದೆ ಎಂದು ಒಬ್ಬ, ಅತಿಯಾಗಿ ಶುದ್ಧವಾಗಿದೆ ಎಂದು ಮತ್ತೊಬ್ಬ. ಒಬ್ಬ ಮಹಾನುಭಾವ ಮಾತ್ರ ಪ್ರತಿ ಸಾವಿನ ಕೆಳಗೂ ಸಂತಾಪದಂತೆ ತನ್ನ ಮನೆಯ ನಳನಳಿಸುವ ತೊಟ್ಟಿಯ ಫೋಟೋ ಹಾಕುತ್ತಿದ್ದ. ಇನ್ನು ಅಲಂಕಾರದ ಮೀನಿನ ಅಂಗಡಿಯ ಯಜಮಾನರದು ಒಂದೇ ಮಾತು: "ಸಹಜ ಸಾರ್. ಹೊಸದು ತಗೊಂಡ್ಹೋಗಿ."

ಹೊಸದೂ ಸಾಯುತ್ತಿತ್ತು. ನಮ್ಮವರು ಗಡ್ಡ ಹೆರೆದುಕೊಳ್ಳುವುದನ್ನು ಬಿಟ್ಟರು. ಯಾವುದೋ ಅಂಗಡಿಯಲ್ಲಿ ತಕ್ಕಡಿಗೆ ಒತ್ತಬೇಕಾದ ಮುದ್ರೆಯನ್ನು ಕುಂಬಳಕಾಯಿಗೆ ಒತ್ತಿ ಬಂದರಂತೆ. ಕೊನೆಗೆ ಕಂದು ಮೈಯ, ನಡುವೆ ಹಸಿರಿನ ಒಂದೇ ಒಂದು ಹವಳ ಉಳಿದಾಗ, ಊಟದ ಮೇಜಿನ ಬಳಿ ನಿಂತು ಘೋಷಿಸಿದರು: "ಇದೊಂದು ಹೋದ್ರೆ ಮುಗೀತು. ತೊಟ್ಟಿ ಖಾಲಿ ಮಾಡ್ತೀನಿ. ಡಾಕ್ಟ್ರು ಹೇಳಿದ್ದೇ ಸರಿ, ಇದು ನನ್ನ ಕೈಲಾಗೋದಲ್ಲ."

ಅಡ್ಡ ಬಂದವರು ಅತ್ತೆ. ಅವರು ತಟ್ಟೆ ಸರಿಸಿ ಎದ್ದೇಬಿಟ್ಟರು.

"ಬೇಡ ಕಣೋ! ಖಾಲಿ ಗೀಲಿ ಮಾಡೀಯ ಮತ್ತೆ! ನೀರು ಹಾಗೇ ಇರ್ಲಿ. ಪಾಪ, ಅದರ ಪಾಡಿಗೆ ಅದಿರ್ಲಿ."

"ನೀನೇ ಕಂಬಳಿ ಇಡ್ಬೇಕು ಅಂತಿದ್ದೆಯಲ್ಲಮ್ಮ?"

"ಕಂಬಳಿಗೇನು, ಎಲ್ಲಾದ್ರೂ ಬಿದ್ದಿರುತ್ತೆ. ಒಂದು ಕಲ್ಲೂ ಅಲ್ಲಾಡಿಸ್ಬಾರ್ದು, ಹೇಳಿದೀನಿ."

ತಾಯಿಯ ಕರುಳು ಎಂದರೆ ಇದು ಎಂದುಕೊಂಡು ನಾನು ಅವರಿಗೆ ಇನ್ನೊಂದು ಸೌಟು ಸಾರು ಬಡಿಸಿದೆ. ಯಾರ ಮನೆಯಲ್ಲಿ ಏನು ಸರಿದಾಡಿದರೂ ಗಮನಿಸುವವಳು ನಾನು. ಆದರೆ ಒಳ್ಳೆಯತನವನ್ನು ಅನುಮಾನಿಸಬೇಕು ಎಂಬುದು ಅಂದು ಹೊಳೆಯಲಿಲ್ಲ.

ಇಲ್ಲಿ ಅತ್ತೆಯವರ ಒಡವೆಯ ವಿಷಯ ಹೇಳಲೇಬೇಕು. ಅವರ ಬಳಿ ಇರುವುದು ಒಂದೇ: ಮಾವನವರು ಕೊಡಿಸಿದ ಹವಳದ ಸರ. ಕೆಂಪು ಹವಳಗಳು, ನಡುನಡುವೆ ಚಿನ್ನದ ಗುಂಡುಗಳು, ಹಿಂದೆ ಚಿನ್ನದ ಕೊಕ್ಕೆ. ಅದಕ್ಕೆ ಒಂದು ಹನಿ ನೀರು ತಾಗಬಾರದು ಎಂದು ಮಾವನವರ ಅಪ್ಪಣೆಯಾಗಿತ್ತಂತೆ; ಅವರು ತೀರಿಕೊಂಡ ಮೇಲೂ ಅತ್ತೆ ಅದನ್ನು ಮೀರಿಲ್ಲ. ನಮ್ಮ ಎದುರುಮನೆಯಲ್ಲಿ ವಿಮೆ ಮಾರುವವರೊಬ್ಬರಿದ್ದಾರೆ. ಕಳ್ಳತನದ ವಿಮೆ ಮಾರಲು ಅವರು ಒಂದು ಸಂಜೆ ಬಂದು, "ಕಳ್ಳ ಬಂದ ತಕ್ಷಣ ನೋಡೋದೇ ಬೀರು, ಅಮ್ಮಾ" ಎಂದು ಹೆದರಿಸಿ ಹೋದರು. ಅತ್ತೆ ವಿಮೆ ಕೊಳ್ಳಲಿಲ್ಲ, ಭಯವನ್ನು ಮಾತ್ರ ಕೊಂಡರು. ಅಂದಿನಿಂದ ಸರ ಬೀರುವಿನಿಂದ ಹಿಟ್ಟಿನ ಡಬ್ಬಿಗೆ, ಹಿಟ್ಟಿನ ಡಬ್ಬಿಯಿಂದ ಹೊಲಿಗೆ ಯಂತ್ರದ ಹೊಟ್ಟೆಗೆ ಪ್ರಯಾಣ ಮಾಡಿತು. ಅಲ್ಲಿಂದ ಮುಂದೆ ಎಲ್ಲಿಗೆ ಹೋಯಿತೆಂದು ನನಗೂ ತಿಳಿಯಲಿಲ್ಲ.

ಇನ್ನು ಆ ಭಾನುವಾರ.

ನಾನು ಒಲೆಯ ಮುಂದಿದ್ದೆ. ನಡುಮನೆಯಿಂದ ನಮ್ಮವರ ಕೂಗು ಕೇಳಿಸಿತು. ಕಿಟಕಿ ತೆರೆದಿತ್ತು.

"ಅಯ್ಯೋ! ಹವಳ ಹೋಯ್ತು! ಹವಳ ಹೋಯ್ತು ಕಣೇ! ಎಲ್ಲಾ ಹೋಯ್ತು!"

ನಾನು ಓಡಿ ಬರುವಷ್ಟರಲ್ಲಿ ಅವರು ಸತ್ತ ಹವಳವನ್ನು ನೀರಿನ ಸಮೇತ ಸ್ಟೀಲ್ ಡಬ್ಬಿಗೆ ಹಾಕಿ, ಮೇಲೆ ಟವೆಲ್ ಮುಚ್ಚಿ, ಎರಡು ಕಾಲಿಗೆ ಎರಡು ಬಗೆಯ ಚಪ್ಪಲಿ ಮೆಟ್ಟಿ ಬಾಗಿಲು ದಾಟಿದ್ದರು. "ಯಾಕೆ ಸತ್ತಿತು ಅಂತ ಗೊತ್ತಾಗ್ದೆ ನಾನು ಬಿಡಲ್ಲ, ಅಂಗಡಿಗೆ ಹೋಗ್ತೀನಿ" ಎಂಬ ಮಾತು ಮೆಟ್ಟಿಲಿನಿಂದ ಕೇಳಿಸಿತು.

ಹಿಂದೆ ತಿರುಗಿದರೆ ಅತ್ತೆ ನೆಲದ ಮೇಲೆ ಕುಳಿತು ಎದೆ ಎದೆ ಬಡಿದುಕೊಳ್ಳುತ್ತಿದ್ದರು.

"ಹೋಯ್ತೇನೇ? ನಿಜವಾಗ್ಲೂ ಹೋಯ್ತೇನೇ?"

"ಹೋಯ್ತು ಅತ್ತೆ. ಸಮಾಧಾನ ಮಾಡ್ಕೊಳ್ಳಿ. ಇನ್ನೊಂದು ತಂದ್ರಾಯ್ತು."

"ಇನ್ನೊಂದಾ? ನಿನ್ನ ಮಾವ ಎದ್ದು ಬಂದು ಇನ್ನೊಂದು ತಂದ್ಕೊಡ್ತಾರಾ?"

ಮಾವನವರಿಗೂ ಈ ಹವಳಕ್ಕೂ ಏನು ಸಂಬಂಧ ಎಂದು ನಾನು ಯೋಚಿಸುತ್ತಿರುವಾಗಲೇ ವಿಮೆಯವರು ಒಳಗೆ ಬಂದಾಗಿತ್ತು. ಬೇರೆಯವರ ನಷ್ಟದ ವಾಸನೆ ಅವರಿಗೆ ಮೈಲಿ ದೂರದಿಂದ ಬಡಿಯುತ್ತದೆ.

"ಅಕ್ಕಾ, ಕೇಳಿಸ್ತು. ಹವಳ ಹೋಯ್ತಂತೆ?"

"ಹೌದು."

"ಅಣ್ಣ ಎಲ್ಲಿ?"

ನಾನು ಇದ್ದದ್ದನ್ನು ಇದ್ದ ಹಾಗೆ ಹೇಳುವವಳು. "ಹವಳ ತಗೊಂಡು ಅಂಗಡಿಗೆ ಹೋದ್ರು" ಎಂದೆ.

ವಿಮೆಯವರ ಬಾಯಿ ಆರೋಗ್ಯವಂತ ಹವಳದಂತೆ ತೆರೆಯಿತು. "ಅಂದ್ರೆ... ಅಣ್ಣನೇ?"

"ಮತ್ತೆ ಇನ್ಯಾರು? ಪ್ರತಿ ಸಲ ಹೋದಾಗಲೂ ಅವರೇ ಒಯ್ಯೋದು. ಅದೇ ಅಂಗಡಿಗೆ."

"ಪ್ರತಿ ಸಲ!" ಅವರು ಅತ್ತೆಯತ್ತ ನೋಡಿದರು. "ಅಮ್ಮನಿಗೆ ಗೊತ್ತಿತ್ತಾ?"

"ಗೊತ್ತಿಲ್ದೆ ಏನು, ದಿನಾ ಕಣ್ಣೆದುರಿಗೇ ನಡೆದದ್ದು."

"ಪಾಪಿ! ಹೆತ್ತ ತಾಯಿ ಮುಂದೇನೇ!" ಎಂದವರೇ ಹೊರಗೆ ನಡೆದರು.

ಸುದ್ದಿ ಮೆಟ್ಟಿಲಿಳಿಯುವಾಗ ಪ್ರತಿ ಮಹಡಿಯಲ್ಲೂ ಅಷ್ಟಷ್ಟು ಮೈ ತುಂಬಿಕೊಂಡಿತು. ನಮ್ಮ ಮಹಡಿಯಲ್ಲಿ ಸಮುದ್ರರಾಯರು ತಾಯಿಯ ಹವಳದ ಸರ ಒಯ್ದಿದ್ದರು. ಕೆಳಗಿನ ಮಹಡಿಯಲ್ಲಿ ಅವರು ತಾಯಿಯ ಕೊರಳಿನಿಂದ ಕಿತ್ತುಕೊಂಡಿದ್ದರು. ನೆಲಮಹಡಿ ತಲುಪುವಷ್ಟರಲ್ಲಿ ಅವರು ಹೆಂಡತಿಯನ್ನು ಬಿಟ್ಟು, ಬೇರೆ ಬೇರೆ ಚಪ್ಪಲಿ ಮೆಟ್ಟಿಕೊಂಡು, ಮತ್ತೊಬ್ಬಳ ಜೊತೆ ಓಡಿಹೋಗಿದ್ದರು. ಚಪ್ಪಲಿಯ ವಿಷಯ ಮಾತ್ರ ನಿಜವಾದದ್ದರಿಂದ ಉಳಿದದ್ದನ್ನೂ ಜನ ನಂಬಿದರು.

"ಪೊಲೀಸರಿಗೆ ನಾನೇ ಫೋನ್ ಮಾಡ್ದೆ ಅಕ್ಕಾ. ಥ್ಯಾಂಕ್ಸ್ ಗೀಂಕ್ಸ್ ಹೇಳ್ಬೇಡಿ" ಎಂದು ವಿಮೆಯವರು ತಿರುಗಿ ಬಂದರು. ಸತ್ತ ಹವಳಕ್ಕೆ ಪೊಲೀಸರು ಯಾಕೆ ಎಂದು ಕೇಳಿದೆ. "ಸತ್ತ ಹವಳ ಅನ್ಬೇಡಿ ಅಕ್ಕಾ, ಸಿಕ್ಕೇ ಸಿಗುತ್ತೆ" ಎಂದು ಅವರು ನನ್ನ ಭುಜ ತಟ್ಟುವಂತೆ ಗಾಳಿಯನ್ನು ತಟ್ಟಿದರು.

ಇನ್‌ಸ್ಪೆಕ್ಟರ್ ಬಂದರು, ಜೊತೆಗೆ ಬರೆದುಕೊಳ್ಳಲು ಒಬ್ಬ ಕಾನ್‌ಸ್ಟೆಬಲ್. ಇನ್‌ಸ್ಪೆಕ್ಟರ್ ಕುಳಿತುಕೊಳ್ಳಲು ಸೋಫಾ ಹುಡುಕಿ, ಅಲ್ಲಿ ಸಮುದ್ರ ಇರುವುದನ್ನು ಕಂಡು, ನಿಂತೇ ವಿಚಾರಣೆ ಶುರು ಮಾಡಿದರು.

"ಏನಮ್ಮಾ, ಯಾವ ಬಣ್ಣ?"

"ಕೆಂಪು" ಎಂದರು ಅತ್ತೆ.

"ಕಂದು, ನಡುವೆ ಹಸಿರು" ಎಂದೆ ನಾನು.

ಕಾನ್‌ಸ್ಟೆಬಲ್ ಪೆನ್ನು ಎತ್ತಿ ಇಬ್ಬರನ್ನೂ ನೋಡಿದ.

"ಎಲ್ಲಿಟ್ಟಿದ್ರಿ?"

"ಹೇಳಲ್ಲ" ಎಂದರು ಅತ್ತೆ.

"ಹೇಳದಿದ್ರೆ ಹುಡುಕೋದು ಹೇಗಮ್ಮ?"

"ಹೇಳಿದ್ರೆ ಇನ್ಮೇಲೆ ಅಲ್ಲಿ ಇಡೋಕಾಗಲ್ವಲ್ಲಪ್ಪ!"

ಇನ್‌ಸ್ಪೆಕ್ಟರ್ ಕಣ್ಣುಮುಚ್ಚಿ ತೆರೆದರು. "ಸರ ಎಷ್ಟು ಎಳೆಯದು, ಅದನ್ನಾದ್ರೂ ಹೇಳಿ."

ಸರ! ಆ ಎರಡಕ್ಷರ ಕಿವಿಗೆ ಬಿದ್ದದ್ದೇ ಇಷ್ಟು ಹೊತ್ತೂ ನಡೆದ ಮಾತೆಲ್ಲ ನನ್ನ ತಲೆಯಲ್ಲಿ ಹಿಂದುಮುಂದಾಗಿ ಓಡಿತು. ಅತ್ತೆಯವರ ತೋಳು ಹಿಡಿದು ಅಡುಗೆಮನೆಗೆ ಎಳೆದುಕೊಂಡು ಹೋದೆ.

"ಅತ್ತೆ, ನಿಮ್ಮ ಸರ ಎಲ್ಲಿದೆ?"

ಅವರು ಬಾಗಿಲಿನಾಚೆ ಇಣುಕಿ, ನನ್ನ ಕಿವಿಗೆ ಬಾಯಿಟ್ಟರು. "ಗಾಜಿನ ಪೆಟ್ಟಿಗೇಲಿ. ದೊಡ್ಡ ಕಲ್ಲಿನ ಹಿಂದೆ. ಹವಳದ ಮಧ್ಯೆ ಹವಳ ಹುಡುಕೋ ಕಳ್ಳ ಇನ್ನೂ ಹುಟ್ಟಿಲ್ಲ ಅಂದ್ಕೊಂಡಿದ್ದೆ ಕಣೇ!"

"ನೀರಲ್ಲಾ? ನೀರು ತಾಗಿಸ್ಬಾರ್ದು ಅಂತಿದ್ರಲ್ಲ?"

"ಪ್ಲಾಸ್ಟಿಕ್ ಕವರಲ್ಲಿ ಸುತ್ತಿ ಗಂಟು ಹಾಕಿದ್ದೆ. ನಿನ್ನ ಮಾವನ ಮಾತು ಮೀರ್ತೀನಾ?"

"ಅತ್ತೆ, ಹೋಗಿದ್ದು ನಿಮ್ಮ ಹವಳ ಅಲ್ಲ, ಅವರ ಹವಳ. ಸತ್ತುಹೋಯ್ತು, ಅಷ್ಟೇ."

ಅತ್ತೆಯವರ ಮುಖ ನಾನು ನೋಡನೋಡುತ್ತಿದ್ದಂತೆಯೇ ಅರಳಿತು. "ಸತ್ತಿದ್ದಾ! ಅಯ್ಯೋ ದೇವರೇ, ಸದ್ಯ!" ಎಂದರು. ನಾನು ನಡುಮನೆಗೆ ಹೊರಟರೆ ಸೆರಗು ಹಿಡಿದು ನಿಲ್ಲಿಸಿದರು. "ಆ ವಿಮೆಯೋನ ಮುಂದೆ ಹೇಳೀಯ ಮತ್ತೆ! ಸಂಜೆಗೆ ಬೀದಿಗೆಲ್ಲಾ ಗೊತ್ತಾಗುತ್ತೆ, ನಾಳೆ ಕಳ್ಳ ಈಜೋಕೆ ಬರ್ತಾನೆ. ಎಲ್ಲರೂ ಹೋಗ್ಲಿ, ಆಮೇಲೆ ನೋಡೋಣ."

ಎಲ್ಲರೂ ಹೋಗುವ ಬದಲು ಇನ್ನೊಬ್ಬರು ಬಂದರು. ನಮ್ಮವರು, ಕೈಯಲ್ಲಿ ಟವೆಲ್ ಮುಚ್ಚಿದ ಡಬ್ಬಿ. ಅಂಗಡಿಯ ಯಜಮಾನರು ನೀರನ್ನು ಪರೀಕ್ಷೆಗೆ ಇಟ್ಟುಕೊಂಡು ಕಳಿಸಿದ್ದರಂತೆ. ಅತ್ತು ಅತ್ತು ಇವರ ಕಣ್ಣು ಕೆಂಪಾಗಿತ್ತು.

ಇನ್‌ಸ್ಪೆಕ್ಟರ್ ಅವರ ಹೆಗಲ ಮೇಲೆ ಕೈಯಿಟ್ಟರು. "ಸುಮ್ನೆ ಒಪ್ಕೊಂಡುಬಿಡಿ."

ಇಷ್ಟು ದಿನ ಬಂಧುಗಳ ಗುಂಪಿನಲ್ಲೂ ಸಿಗದ ಸಹಾನುಭೂತಿ ಪೊಲೀಸ್ ಇಲಾಖೆಯ ಕಡೆಯಿಂದ ಸಿಕ್ಕಿದ್ದಕ್ಕೆ ನಮ್ಮವರು ಕರಗಿಹೋದರು.

"ಒಪ್ಕೊಂಡೆ ಸಾರ್. ತಪ್ಪು ನಂದೇ. ನಾನೇ ಕೊಂದೆ."

ಕಾನ್‌ಸ್ಟೆಬಲ್‌ನ ಪೆನ್ನು ಕೆಳಗೆ ಬಿತ್ತು.

"ಕೊಂದ್ರಾ? ಯಾರನ್ನ?"

"ಇದು ಕೊನೇದು ಸಾರ್. ಮೊದಲಿಂದ ಎಷ್ಟು ಅಂತ ಕೇಳ್ಬೇಡಿ, ಲೆಕ್ಕ ಇಡೋಕೆ ಮನಸ್ಸಾಗ್ಲಿಲ್ಲ. ಎಲ್ಲಾ ಇದೇ ಮನೇಲಿ, ಇದೇ ಜಾಗದಲ್ಲಿ."

ವಿಮೆಯವರು ಬಾಗಿಲ ಕಡೆ ಜರುಗಿದರು.

"ಹೇಗೆ ಕೊಂದ್ರಿ?" ಇನ್‌ಸ್ಪೆಕ್ಟರ್ ದನಿ ತಗ್ಗಿತ್ತು.

"ಅದೇ ಗೊತ್ತಾಗ್ತಿಲ್ಲ ಸಾರ್. ಚೆನ್ನಾಗೇ ನೋಡ್ಕೊಳ್ತಿದ್ದೆ. ಇದ್ದಕ್ಕಿದ್ದ ಹಾಗೆ ಬಾಯಿ ಮುಚ್ತಾವೆ. ಬಿಳಿಚ್ಕೊಳ್ತಾವೆ. ಆಮೇಲೆ ಮಾಂಸ ಕಳಚಿ ಬೀಳುತ್ತೆ. ಕೊನೆಗೆ ಬರೀ ಮೂಳೆ."

"ಮೂಳೆ ಎಲ್ಲಿ?"

"ಬಾಲ್ಕನೀಲಿ ಒಣಗಿಸಿಟ್ಟಿದೀನಿ. ಬಿಸಾಡೋಕೆ ಮನಸ್ಸು ಬರ್ಲಿಲ್ಲ."

"ಈಗ ಈ ಡಬ್ಬೀಲಿ?"

"ಇವತ್ತಿಂದು."

ಕಾನ್‌ಸ್ಟೆಬಲ್ ಬಾಗಿ ಪೆನ್ನು ಎತ್ತಿಕೊಳ್ಳುತ್ತಿದ್ದವನು ಬಾಗಿದಂತೆಯೇ ಉಳಿದ. ನಾನು, "ಸಾರ್, ಅವರು ಹೇಳ್ತಿರೋದು ಹವಳದ ವಿಷಯ, ಹವಳ ಅಂದ್ರೆ ಪ್ರಾಣಿ, ಅದಕ್ಕೆ ಬಾಯಿ ಇದೆ..." ಎಂದು ಸ್ಪಷ್ಟವಾಗಿ, ವ್ಯಾಕರಣಶುದ್ಧವಾಗಿ ವಿವರಿಸಿದೆ. ಇನ್‌ಸ್ಪೆಕ್ಟರ್ ನನ್ನನ್ನು ಕರುಣೆಯಿಂದ ನೋಡಿ, "ಪಾಪ, ಈಯಮ್ಮನಿಗೂ ತಲೆ ಕೆಟ್ಟಿದೆ" ಎಂದು ಬರೆಸಿದರು. ಡಬ್ಬಿ ತೆರೆದು ನೋಡಿದಾಗ ಅದರಲ್ಲಿ ಮುಷ್ಟಿಯಷ್ಟು ಬಿಳಿ ಕಲ್ಲು. ಕೊಲೆ ಕೈಬಿಟ್ಟುಹೋದ ನಿರಾಸೆಯಲ್ಲಿ ಅವರು ಕಳ್ಳತನವನ್ನು ಇನ್ನೂ ಗಟ್ಟಿಯಾಗಿ ಹಿಡಿದುಕೊಂಡರು.

"ನಾಟಕ ಸಾಕು. ಅಮ್ಮನ ಹವಳದ ಸರ ಅಂಗಡೀಲಿ ಕೊಟ್ಟು ಈ ಕಲ್ಲು ತಂದಿದೀಯ. ನಿಮ್ಮ ಮನೆಯೋರೇ ಹೇಳಿದಾರೆ. ನಡಿ ಠಾಣೆಗೆ."

"ಯಾವ ಸರ?" ಎಂದರು ನಮ್ಮವರು. ಅವರ ತೋಳನ್ನು ಆಗಲೇ ಹಿಡಿದಾಗಿತ್ತು. ಅವರು ಡಬ್ಬಿಯನ್ನು ಎದೆಗವಚಿಕೊಂಡು, "ಇದನ್ನೂ ಕರ್ಕೊಂಡು ಬರಬಹುದಾ ಸಾರ್?" ಎಂದು ಕೇಳಿದರು.

ಅಷ್ಟರಲ್ಲಿ ಮೀನಿನ ಅಂಗಡಿಯ ಯಜಮಾನರು ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬಂದರು. ಕೈಯಲ್ಲಿ ಚಿಕ್ಕ ಗಾಜಿನ ಶೀಸೆ.

"ಸಾರ್, ಸಿಕ್ತು! ತಾಮ್ರ!"

"ತಾಮ್ರಾನೂ ಕದ್ದಿದ್ದಾನಾ?" ಎಂದರು ಇನ್‌ಸ್ಪೆಕ್ಟರ್.

"ನೀರಲ್ಲಿ ತಾಮ್ರ ಇದೆ ಸಾರ್! ನಿಮಗೆ ಮಾರೋಕೆ ಬೇರೆ ಯಾವ ಔಷಧೀನೂ ಉಳಿದಿರ್ಲಿಲ್ಲ ಅಂತ ಇದೊಂದು ಪರೀಕ್ಷೆ ಮಾಡ್ದೆ, ನೋಡಿದ್ರೆ ಶೀಸೆ ನೀಲಿಗೆ ತಿರುಗ್ತು. ಹವಳಕ್ಕೆ ತಾಮ್ರ ಅಂದ್ರೆ ವಿಷ. ಈ ತೊಟ್ಟಿಯೊಳಗೆ ಎಲ್ಲೋ ತಾಮ್ರದ್ದೇನೋ ಬಿದ್ದಿದೆ."

"ನನ್ನ ತೊಟ್ಟೀಲಿ ತಾಮ್ರಾನಾ? ಸಾಧ್ಯಾನೇ ಇಲ್ಲ. ಮಿಕ್ಕಿದ್ದೆಲ್ಲಾ ನಾನೇ ಅಳೆದಿದೀನಿ!" ಎಂದು ನಮ್ಮವರು ತೋಳು ಬಿಡಿಸಿಕೊಳ್ಳದೆಯೇ ವಾದಕ್ಕಿಳಿದರು.

ಎಲ್ಲರೂ ತೊಟ್ಟಿಯನ್ನು ನೋಡಿದರು. ಅತ್ತೆ ಛಾವಣಿಯನ್ನು ನೋಡಿದರು. ನಾನು ಅತ್ತೆಯನ್ನು ನೋಡಿದೆ.

ಇನ್‌ಸ್ಪೆಕ್ಟರ್ ಮತ್ತೊಮ್ಮೆ "ನಡಿ" ಎಂದಾಗ ಅತ್ತೆಗೆ ತಡೆಯಲಾಗಲಿಲ್ಲ. "ಬಿಡಪ್ಪಾ ಅವನ್ನ! ತೆಗಿಯೇ, ತೆಗೆದು ತೋರ್ಸು ಇವರಿಗೆ. ಸರ ಅಲ್ಲೇ ಇದೆ. ಅಪ್ಪಟ ಚಿನ್ನ ನಂದು, ತಾಮ್ರ ಗೀಮ್ರ ಇವನ ಪಂಪಲ್ಲಿರಬೇಕು!"

ನಾನು ಸೆರಗು ಸಿಕ್ಕಿಸಿ, ಮೊಣಕೈವರೆಗೆ ಸಮುದ್ರಕ್ಕೆ ಕೈಹಾಕಿ, ದೊಡ್ಡ ಕಲ್ಲಿನ ಹಿಂದೆ ತಡಕಾಡಿದೆ. ಪ್ಲಾಸ್ಟಿಕ್ ಕವರು ಸಿಕ್ಕಿತು. ಕಲ್ಲಿನ ಜೊತೆ ಅಂಗಡಿಯಿಂದ ಬಂದಿದ್ದ ಸಣ್ಣ ಏಡಿ ತಾನು ಸಾಯುವ ಮುಂಚೆ ಅದನ್ನು ಜರಡಿಯಂತೆ ಮಾಡಿಟ್ಟಿತ್ತು. ಬಿಚ್ಚಿ ಮೇಜಿನ ಮೇಲೆ ಇಟ್ಟೆ.

ಹವಳಗಳು ಕೆಂಪಗೇ ಇದ್ದವು. ಆದರೆ ನಡುವಿನ ಗುಂಡುಗಳೂ, ಹಿಂದಿನ ಕೊಕ್ಕೆಯೂ ಪಾಚಿ ಹಿಡಿದ ಕೆರೆಯ ಮೆಟ್ಟಿಲಿನ ಹಾಗೆ ಹಸಿರುಗಟ್ಟಿದ್ದವು.

ಎಲ್ಲರೂ ಮೇಜಿನ ಮೇಲೆ ಬಗ್ಗಿದರು.

"ಗಿಲೀಟು" ಎಂದರು ವಿಮೆಯವರು ಮೆಲ್ಲಗೆ. ಮಾಲಿನ ಬೆಲೆ ಕಟ್ಟುವುದು ಅವರ ರಕ್ತದಲ್ಲೇ ಇದೆ. "ತಾಮ್ರಕ್ಕೆ ಚಿನ್ನದ ನೀರು ಬಿಟ್ಟಿದ್ದು."

ಅತ್ತೆ ತಲೆ ಎತ್ತಿದರು. "ಇದು ನಂದಲ್ಲ" ಎಂದರು.

"ನಿಮ್ದಲ್ವಾ?"

"ಅಲ್ಲ. ನಮ್ಮನೆಯೋರು ನಂಗೆ ಕೊಟ್ಟಿದ್ದು ಚಿನ್ನ. ಇದು ಯಾರದೋ."

"ಹಾಗಾದ್ರೆ ನಿಮ್ಮ ಚಿನ್ನದ ಸರ ಕಳ್ಳತನ ಆಗಿರೋದು ಖಾತ್ರಿ ಆಯ್ತು. ಚಿನ್ನದ್ದು ಮಾರಿ, ಬದಲಿಗೆ ಇದನ್ನ ಇಟ್ಟಿದ್ದಾನೆ." ಇನ್‌ಸ್ಪೆಕ್ಟರ್ ಸಂತೋಷದಿಂದ ನಮ್ಮವರ ತೋಳನ್ನು ಬಿಗಿಯಾಗಿ ಹಿಡಿದರು.

ತನ್ನನ್ನು ಎಲ್ಲಿಗೆ ಕರೆದೊಯ್ಯುತ್ತಿದ್ದಾರೆ ಎಂಬುದು ಆ ಮನುಷ್ಯನ ಲಕ್ಷ್ಯದಲ್ಲೇ ಇರಲಿಲ್ಲ. ಹಸಿರು ಕೊಕ್ಕೆಯನ್ನು ನೋಡುತ್ತಾ ಅವರ ಮುಖದ ಮೇಲೆ ಎಷ್ಟೋ ದಿನಗಳಿಂದ ಕಾಣದ ಬೆಳಕು ಬಂದಿತ್ತು. "ಹಾಗಾದ್ರೆ ನಾನು ಕೊಂದಿಲ್ಲ! ಕೇಳಿಸ್ತಾ? ನನ್ನ ಅಳತೆ ಸರಿಯಾಗೇ ಇತ್ತು! ನಾನು ಕೊಂದಿಲ್ಲ!" ಎಂದು ಕುಣಿಯುತ್ತಲೇ ಪೊಲೀಸರ ಜೊತೆ ಬಾಗಿಲವರೆಗೆ ಹೋದರು.

ಅತ್ತೆ ಒಮ್ಮೆ ಗೋಡೆಯ ಮೇಲಿನ ಮಾವನವರ ಫೋಟೋ ನೋಡಿದರು. ಒಮ್ಮೆ ಎರಡು ಬಗೆಯ ಚಪ್ಪಲಿ ಹಾಕಿಕೊಂಡ ಮಗನನ್ನು ನೋಡಿದರು. ಮಾವನವರು ಮೀಸೆಯಡಿಯಲ್ಲಿ ನಗುತ್ತಿದ್ದರು.

"ನಿಲ್ಲಿ" ಎಂದರು. "ನಂದೇ."

"ಸರಿಯಾಗಿ ಯೋಚ್ನೆ ಮಾಡಿ ಹೇಳಿ."

"ಏನಪ್ಪಾ ಯೋಚ್ನೆ? ಕೊಟ್ಟ ದಿನಾನೇ ಹೇಳಿದ್ರು, ಇದಕ್ಕೆ ನೀರು ತಾಗಿಸ್ಬೇಡ ಅಂತ. ಸ್ನಾನಕ್ಕೆ ಹೊರಟ್ರೆ ಬಚ್ಚಲ ಬಾಗಿಲವರೆಗೂ ಹಿಂದೇನೇ ಬಂದು, 'ಸರ ತೆಗೆದಿಟ್ಯೇನೇ' ಅಂತ ಕೇಳೋರು. ಬೇಸಿಗೇಲಿ ಬೆವರಿದ್ರೆ ಅವರೇ ಬೀಸಣಿಗೆ ತಗೊಂಡು ಕತ್ತಿಗೆ ಗಾಳಿ ಹಾಕೋರು." ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡರು. "ನಾನು ಅದನ್ನ ಪ್ರೀತಿ ಅಂದ್ಕೊಂಡಿದ್ದೆ."

ಮೂಲೆಯಿಂದ ಕಾನ್‌ಸ್ಟೆಬಲ್, "ನಾನೂ ಮನೇಲಿ ಹಾಗೇ ಹೇಳಿದೀನಿ ಸಾರ್" ಎಂದ, ಬಹಳ ಸಣ್ಣ ದನಿಯಲ್ಲಿ. ಇನ್‌ಸ್ಪೆಕ್ಟರ್ ಅವನನ್ನು ಗದರಲಿಲ್ಲ. ನಮ್ಮವರ ತೋಳು ಬಿಟ್ಟು, ಟೋಪಿ ಸರಿಮಾಡಿಕೊಂಡು, ಆದಷ್ಟು ಬೇಗ ಹೊರಟುಹೋದರು.

"ಹವಳ ಆದ್ರೂ ನಿಜಾನಾ?" ಎಂದು ಅತ್ತೆ ಮೀನಿನ ಅಂಗಡಿಯವರನ್ನು ಕೇಳಿದರು. ಅವರು ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿ, "ಅಪ್ಪಟ ಸಮುದ್ರದ್ದು ಅಮ್ಮಾ. ಗುಂಡು ಹೀಗಾಗೋದು ಸಹಜ" ಎಂದರು.

ಆಮೇಲೆ ನಡೆದದ್ದಕ್ಕೆ ನಾವು ಹೊಣೆಯಲ್ಲ. ವಿಮೆಯವರ ದಯದಿಂದ ಸುದ್ದಿ ಮತ್ತೆ ಮೆಟ್ಟಿಲಿಳಿಯಿತು. ಮರುದಿನ ಬೆಳಿಗ್ಗೆಯಿಂದ ಕಟ್ಟಡದ ಹೆಂಗಸರು ಒಬ್ಬೊಬ್ಬರಾಗಿ ಚೊಂಬು ಹಿಡಿದು ಬಂದರು. "ಸ್ವಲ್ಪ ಸಮುದ್ರ ಕೊಡ್ತೀರಾ?" ಎಂದು ಕೇಳಿ, ಉಪ್ಪುನೀರು ಒಯ್ದು, ಒಡವೆಗಳನ್ನು ನೆನೆಹಾಕಿದರು. ಯಾವ ಮನೆಯಲ್ಲಿ ಏನು ಹಸಿರಾಯಿತೆಂದು ನಾನು ಹೇಳುವುದಿಲ್ಲ. ಕಟ್ಟಡದ ಗಂಡಸರು ಮಾತ್ರ ಈಗ ನಮ್ಮವರನ್ನು ಕಂಡರೆ ಲಿಫ್ಟಿಗೆ ಕಾಯದೆ ಮೆಟ್ಟಿಲಿಳಿಯುತ್ತಾರೆ. ಚೊಂಬು ತಾರದವರು ವಿಮೆಯವರ ಮನೆಯವರು ಒಬ್ಬರೇ. "ವಿಮೆ ಮಾಡಿಸಿದ ಬಳೆ ನೀರಿಗೆ ಹಾಕಿದ್ರೆ ಪಾಲಿಸಿ ರದ್ದಾಗುತ್ತಂತೆ" ಎಂದು ಆಕೆ ನನಗೆ ಹೇಳಿದರು.

ಅತ್ತೆ ಹವಳಗಳನ್ನು ಬರೀ ದಾರದಲ್ಲಿ ಪೋಣಿಸಿ ಹಾಕಿಕೊಂಡಿದ್ದಾರೆ. ಈಗ ಸ್ನಾನಕ್ಕೂ ತೆಗೆಯುವುದಿಲ್ಲ. ಬೇಕೆಂದೇ ಎರಡು ಚೊಂಬು ಹೆಚ್ಚಿಗೆ ಸುರಿದುಕೊಳ್ಳುತ್ತಾರೆ. ಹಸಿರು ಕೊಕ್ಕೆಯನ್ನು ಮಾವನವರ ಫೋಟೋದ ಚೌಕಟ್ಟಿಗೆ ನೇತುಹಾಕಿದ್ದಾರೆ, "ಅವರು ತಂದಿದ್ದು ಅವರೇ ನೋಡ್ಕೊಳ್ಳಲಿ" ಎಂದು. ಆದರೆ ದಿನವೂ ಅದರ ಧೂಳು ಒರೆಸುವವರು ಅವರೇ.

ನಮ್ಮವರು ತೊಟ್ಟಿ ಖಾಲಿ ಮಾಡಲಿಲ್ಲ. ನೀರು ಬದಲಿಸಿದರು, ಮತ್ತೆ ಬದಲಿಸಿದರು, ತಾಮ್ರ ಅಳೆಯುವ ಶೀಸೆಯನ್ನೂ ತಂದಿಟ್ಟುಕೊಂಡರು. ಆ ಸತ್ತ ಹವಳವನ್ನು ಬಿಸಾಡಲು ಮನಸ್ಸಾಗದೆ ತಿರುಗಿ ನೀರಲ್ಲೇ ಇಟ್ಟರು. ಅದರ ಸಂದಿಯಲ್ಲಿ ಸಾಸಿವೆಯಷ್ಟು ಕಂದು ಉಳಿದಿದೆ ಎಂದು ಅವರ ವಾದ. ನನಗೇನೂ ಕಾಣಲಿಲ್ಲ. ಅವರು ಪ್ರತಿದಿನ ಕಚೇರಿಗೆ ಹೋಗುವ ಮುಂಚೆ ಭೂತಗನ್ನಡಿ ಹಿಡಿದು ಅದರ ಮುಂದೆ ಕೂರುತ್ತಿದ್ದರು. ಗಡ್ಡ ಹೆರೆದುಕೊಳ್ಳಲು ಮತ್ತೆ ಶುರು ಮಾಡಿದ್ದರಿಂದ ನಾನೂ ಭೂತಗನ್ನಡಿ ಒರೆಸಿಕೊಡುತ್ತಿದ್ದೆ.

ನಿನ್ನೆ ಬೆಳಿಗ್ಗೆ ಭೂತಗನ್ನಡಿ ನೆಲಕ್ಕೆ ಬಿದ್ದ ಸದ್ದಾಯಿತು.

"ಬಾಯಿ ಬಿಡ್ತು! ಬಾಯಿ ಬಿಡ್ತು ಕಣೇ! ಅಮ್ಮಾ, ಬಾಯಿ ಬಿಟ್ಟೇಬಿಡ್ತು!"

ನಾನು ಓಡಿ ಹೋಗಿ ನೋಡಿದೆ. ನಿಜ. ಬಿಳಿ ಕಲ್ಲಿನ ಸಂದಿಯಲ್ಲಿ, ಕಂದು ಮೈಯ, ನಡುವೆ ಹಸಿರಿನ, ಅಂಗಿಯ ಗುಂಡಿಗಿಂತ ಚಿಕ್ಕದೊಂದು ಬಾಯಿ. ಅತ್ತೆ ಬಂದು ಬಗ್ಗಿ ನೋಡಿ, ತಮ್ಮ ಕೊರಳಿನ ಸರವನ್ನು ಗಾಜಿಗೆ ಹಿಡಿದು ಅದಕ್ಕೆ ತೋರಿಸಿದರು.

ಕಿಟಕಿ ತೆರೆದಿತ್ತು. ಎದುರುಮನೆಯಿಂದ ವಿಮೆಯವರ ಗಾಬರಿಯ ದನಿ ತೇಲಿಬಂತು.

"ಯಾರು ಬಾಯಿ ಬಿಟ್ಟಿದ್ದು? ಒಡವೆ ಅಂಗಡಿಯೋನಾ? ಕೇಳೇ ಇಲ್ಲಿ, ಆ ಬಳೆ ವಿಷಯ ನಾನೇ ನಿಂಗೆ ಹೇಳೋಣ ಅಂತಿದ್ದೆ..."

ಅವರ ಮನೆಯಿಂದ ಏನೋ ಒಡೆದುಹೋದ ಸದ್ದು ಕೇಳಿಸಿತು. ಏನು ಹೋಯಿತೆಂದು ವಿಚಾರಿಸದೆ ನಾನು ಕಿಟಕಿ ಮುಚ್ಚಿದೆ.